ಹಳೇ ಥಿಯೇಟರಿಗೆ ನಾನು ಬರೆದ ರಿಪೋರ್ಟು

ತುಮಕೂರಿನ ಹಳೇ ನಾಟಕದ ಥಿಯೇಟರಿನ ಮೇಲೆ ಮೂವತ್ತೆರಡು ಪುಟದ ರಿಪೋರ್ಟು ಬರೆದವನು ನಾನು. ಅದರಲ್ಲಿ ಇಪ್ಪತ್ತೊಂದು ಪುಟ ಬೇರೆ ಊರಿನ ನೀರಿನ ಟ್ಯಾಂಕಿನ ರಿಪೋರ್ಟಿನಿಂದ ಎತ್ತಿದ್ದು. ಉಳಿದ ಹನ್ನೊಂದು ಪುಟ ಸ್ವಂತದ್ದು. ಅನಾಹುತವಾಗಿದ್ದು ಆ ಹನ್ನೊಂದರಿಂದಲೇ.

ಆಗ ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಕಟ್ಟಡಗಳು ಗಟ್ಟಿಯಾಗಿವೆಯೋ ಟೊಳ್ಳಾಗಿವೆಯೋ ಎಂದು ನೋಡಿ ಬರೆದುಕೊಡುವ ಸಣ್ಣ ಆಫೀಸು. ಅಲ್ಲಿದ್ದದ್ದು ಬಾಸು, ನಾನು ಮತ್ತು ಒಂದು ಪ್ರಿಂಟರು. ಸೀನಿಯಾರಿಟಿಯಲ್ಲಿ ನಾನು ಪ್ರಿಂಟರಿಗಿಂತ ಕೆಳಗೆ. ಅದು ಕೆಟ್ಟರೆ ಬಾಸು ತಲೆಕೆಡಿಸಿಕೊಳ್ಳುತ್ತಿದ್ದರು, ನಾನು ರಜೆ ಹಾಕಿದರೆ ಅವರಿಗೆ ಗೊತ್ತಾಗುತ್ತಿದ್ದದ್ದು ಸಂಜೆ ಹೊತ್ತಿಗೆ.

"ಹಳೇ ಥಿಯೇಟರ್ ರಿಪೇರಿ ಮಾಡಿಸ್ತಾರಂತೆ ಕಣಯ್ಯ," ಎಂದರು ಬಾಸು ಒಂದು ದಿನ. "ಅದಕ್ ಮುಂಚೆ ಹೆಂಗೈತೆ ಅಂತ ನೋಡಿ ಬರ್ಕೊಡ್ಬೇಕು. ನಾನು ಮದ್ವೆಗ್ ಹೋಯ್ತಿದೀನಿ. ನೀನೇ ಹೋಗಿ ಅಳ್ತೆ ತಗೊಂಡ್ ಬಾ. ಏನಾರ ಗೊತ್ತಾಗ್ಲಿಲ್ಲ ಅಂದ್ರೆ ಫೋನ್ ಮಾಡು."

ಗೊತ್ತಾಗಲಿಲ್ಲ ಅನ್ನುವುದು ಗೊತ್ತಾಗಲಿಕ್ಕೂ ಸ್ವಲ್ಪ ಬುದ್ಧಿ ಬೇಕು. ಹಾಗಾಗಿ ನಾನು ಫೋನ್ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಟೇಪು, ಟಾರ್ಚು, ಗೋಡೆಯ ತೇವ ಅಳೆಯುವ ಮಿಷನ್ನು ಹಿಡಿದುಕೊಂಡು ಹೋದೆ. ಆ ಕಟ್ಟಡದ ಮುಂದೆ ಎಷ್ಟೋ ಸಲ ಓಡಾಡಿದ್ದೆ. ಒಂದು ಕಡೆ ಮೊಬೈಲ್ ಕವರಿನ ಅಂಗಡಿ, ಇನ್ನೊಂದು ಕಡೆ ಜ್ಯೂಸ್ ಗಾಡಿ. ಮಧ್ಯೆ ಮೂರು ಕಮಾನು, ಕಮಾನಿನ ಮೇಲೆ ಗಾರೆಯಲ್ಲಿ ಮಾಡಿದ ಎರಡು ನವಿಲು. ಒಂದು ನವಿಲಿಗೆ ತಲೆ ಇಲ್ಲ, ಆ ಜಾಗದಲ್ಲಿ ಕೇಬಲ್ ವೈರು ಸುತ್ತಿದ್ದಾರೆ. ಒಳಗೆ ಹೋದರೆ ಉದ್ದಕ್ಕೆ ಒಂದೇ ಹಾಲು, ಮೇಲೆ ಕಬ್ಬಿಣದ ತೊಲೆಗಳ ಮೇಲೆ ಹಂಚು. ಆ ತುದಿಗೆ ಹಲಗೆಯ ಸ್ಟೇಜು. ಈ ತುದಿಗೆ, ಬಾಗಿಲ ನೆತ್ತಿಯ ಮೇಲೆ, ಮರದ ಗ್ಯಾಲರಿ. ಗ್ಯಾಲರಿಗೆ ಹೋಗಲು ಬಾಗಿಲ ಮುಂದಿನ ಹಜಾರದ ಪಕ್ಕದಿಂದ ಒಬ್ಬರೇ ಹತ್ತುವಷ್ಟು ಇಕ್ಕಟ್ಟಾದ ಮೆಟ್ಟಿಲು.

ವಾಚ್‌ಮನ್ ತಾತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ಕಟ್ಟಡದ ಚರಿತ್ರೆ ಪೂರ್ತಿ ಅವರ ಬಾಯಲ್ಲಿತ್ತು, ಎಲೆಅಡಿಕೆಯ ಜೊತೆ. ಇದು ಮೊದಲು ಕೊಬ್ಬರಿ ಗೋಡೌನಂತೆ. ಕೊಬ್ಬರಿ ಸಾಹುಕಾರರಿಗೆ ನಾಟಕದ ಹುಚ್ಚು. ಒಂದು ಮಳೆಗಾಲ ನಾಟಕ ಕಂಪನಿಯವರ ಡೇರೆ ಹರಿದುಹೋಯಿತೆಂದು ಗೋಡೌನು ಬಿಟ್ಟುಕೊಟ್ಟರು. ಮಳೆ ನಿಂತರೂ ಕಂಪನಿ ಹೊರಡಲಿಲ್ಲ, ಸಾಹುಕಾರರಿಗೂ ಹೊರಡಿಸುವ ಮನಸ್ಸಿರಲಿಲ್ಲ. ಕೊಬ್ಬರಿಗೆ ಬೇರೆ ಜಾಗ ನೋಡಿ, ಇಲ್ಲಿ ಸ್ಟೇಜು ಕಟ್ಟಿಸಿದರು. ಮನೆಯ ಹೆಂಗಸರು ನಾವೂ ನೋಡಬೇಕೆಂದು ಹಟ ಹಿಡಿದಾಗ ಗ್ಯಾಲರಿ ಕಟ್ಟಿಸಿ, ಅದರ ಮುಂದೆ ಮರದ ಜಾಲರಿ ಹಾಕಿಸಿದರು.

"ಅವ್ರು ನೋಡ್ಬೋದು, ಅವ್ರನ್ ಯಾರೂ ನೋಡಂಗಿಲ್ಲ," ಎಂದರು ತಾತ. "ಆಮೇಲ್ ಸಿನಿಮಾ ಬಂತು. ಸಿನಿಮಾದವ್ರು ಬೆಳಕ್ ಬರುತ್ತೆ ಅಂತ ಸೈಡ್ ಬಾಗ್ಲೆಲ್ಲಾ ಮೊಳೆ ಹೊಡುದ್ಬುಟ್ರು. ಸಿನಿಮಾನೂ ಹೋಯ್ತು. ಈಗ ಹಳ್ಳಿಯೋರು ಭಾನ್ವಾರ ಭಾನ್ವಾರ ಪೌರಾಣಿಕ ಆಡ್ತಾರೆ. ನೆನ್ನೇನೂ ಇತ್ತು. ಬರ್ಕೊಳಪ್ಪ ಇಂಜಿನಿಯರ್ ಸಾಮಿ, ಎಲ್ಲಾ ಬರ್ಕೋ."

ನಾನು ಬರೆದುಕೊಂಡಂತೆ ನಟಿಸಿದೆ. ರಿಪೋರ್ಟಿನಲ್ಲಿ 'ಹಿನ್ನೆಲೆ' ಎಂಬ ತಲೆಬರಹದ ಕೆಳಗೆ ಕೊನೆಗೆ ಒಂದೇ ವಾಕ್ಯ ಹಾಕಿದೆ: "ಕಟ್ಟಡವು ಹಳೆಯದು."

ಅಳತೆಯ ಕಥೆ ಹೇಳಿದರೆ ನನಗೆ ಡಿಗ್ರಿ ಕೊಟ್ಟವರಿಗೆ ಅವಮಾನ. ನಮ್ಮ ಆಫೀಸಿನ ಟೇಪಿನ ಮೊದಲ ಅರ್ಧ ಅಡಿ ಯಾವತ್ತೋ ಕಿತ್ತುಹೋಗಿದೆ. ಅಳತೆಯಲ್ಲಿ ಅದನ್ನು ಕಳೆಯಬೇಕು. ನಾನು ಕೆಲವು ಕಡೆ ಕಳೆದೆ, ಕೆಲವು ಕಡೆ ಮರೆತೆ, ಒಂದು ಕಡೆ ಹುಮ್ಮಸ್ಸಿನಲ್ಲಿ ಎರಡು ಸಲ ಕಳೆದೆ. ಹಾಲಿನ ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ಒಂದು ಮೊಳ ವ್ಯತ್ಯಾಸ ಬಂತು. ಹಳೇ ರಸ್ತೆ ಓರೆಯಾಗಿದ್ದರಿಂದ ಗೋಡೌನನ್ನೂ ಓರೆಯಾಗಿಯೇ ಕಟ್ಟಿದ್ದರು ಎಂದು ಈಗ ಗೊತ್ತು. ಆವತ್ತು ನಾನು ಕಟ್ಟಡ ತಪ್ಪು ಮಾಡಿದೆ ಎಂದು ತೀರ್ಮಾನಿಸಿ, ಡ್ರಾಯಿಂಗಿನಲ್ಲಿ ಅದನ್ನು ತಿದ್ದಿ ಚೌಕ ಮಾಡಿದೆ.

ಸ್ಟೇಜಿನ ಮೇಲೆ ಹತ್ತಿದಾಗ ಜೇಬಿನಿಂದ ಪೆನ್ನು ಬಿತ್ತು. ಬಿದ್ದದ್ದು ಉರುಳಿತು. ಉರುಳುತ್ತಾ ಉರುಳುತ್ತಾ ಪ್ರೇಕ್ಷಕರ ಕಡೆಗೆ ಹೋಗಿ ಕೆಳಗೆ ಹಾರಿತು. ಎತ್ತಿಕೊಂಡು ಬಂದು ಇನ್ನೊಂದು ಸಲ ಬಿಟ್ಟೆ, ಮತ್ತೆ ಹಾರಿತು. ಸ್ಟೇಜು ಮುಂದಕ್ಕೆ ಕುಸಿಯುತ್ತಿದೆ! ಕುಸಿತವನ್ನು ನಾನೇ ಕಂಡುಹಿಡಿದೆ ಎಂದು ಮೈಯೆಲ್ಲ ಪುಳಕವಾಯಿತು. ಆಮೇಲೆ ಸ್ಟೇಜು ಇಳಿದು ಅದರ ಬಲಗಡೆ ಮೂಲೆ. ಅಲ್ಲೊಂದು ಚಪ್ಪಡಿ ಕಲ್ಲು, ಸುತ್ತ ನೆಲವೆಲ್ಲ ಕಪ್ಪಗೆ ಒದ್ದೆ, ಗೋಡೆಯ ಮೇಲೆ ಮೊಣಕಾಲೆತ್ತರ ಕಲೆ. ಮಿಷನ್ನು ಹಿಡಿದರೆ ಮಗು ಅತ್ತ ಹಾಗೆ ಕಿರುಚಿತು. ಹುಳಿಹುಳಿ ವಾಸನೆ ಬೇರೆ. 'ಅಡಿಪಾಯದಲ್ಲಿ ಅಂತರ್ಜಲ ಸೋರಿಕೆ. ಚರಂಡಿ ನೀರು ಸೇರಿರುವ ಸಾಧ್ಯತೆ. ಸ್ಟೇಜು ಕುಸಿಯುತ್ತಿದೆ. ಸಾರ್ವಜನಿಕ ಉಪಯೋಗವನ್ನು ತಕ್ಷಣ ನಿಲ್ಲಿಸತಕ್ಕದ್ದು,' ಎಂದು ಬರೆದೆ. 'ತಕ್ಕದ್ದು' ಎಂದು ಬರೆದಾಗ ಸಿಗುವ ಸುಖವೇ ಬೇರೆ. ನನಗೂ ಒಂದು ಗೆಜೆಟ್ ಇದ್ದ ಹಾಗೆ ಅನ್ನಿಸುತ್ತದೆ.

ಗ್ಯಾಲರಿಗೆ ಹತ್ತಲಿಲ್ಲ. ಮೆಟ್ಟಿಲಲ್ಲಿ ಬಾವಲಿ ಇತ್ತು.

ಮದುವೆಯಿಂದ ಒಂದು ಗಂಟೆಯ ಮಟ್ಟಿಗೆ ಆಫೀಸಿಗೆ ಬಂದ ಬಾಸು, ಇನ್ನೂ ಬೀಗರೂಟದ ಮಂಪರಿನಲ್ಲಿ, ಕೊನೇ ಪುಟಕ್ಕೆ ಸೈನು ಹಾಕಿ ಹೋದರು. ರಿಪೋರ್ಟು ಸಂಬಂಧಪಟ್ಟ ಸರ್ಕಾರಿ ಕಚೇರಿ ಸೇರಿತು.

ಈಗ ಅಮ್ಮನ ವಿಷಯ ಹೇಳಬೇಕು. ನಮ್ಮ ಮನೆ ಮರಳೂರಿನಲ್ಲಿ. ಅಮ್ಮ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು, ಸ್ಕೂಲ್ ಯೂನಿಫಾರಂ ಹೊಲಿಯುತ್ತಾಳೆ. ಎಂಟು ತಿಂಗಳಿಂದ ಅವಳೂ ಬೀದಿಯ ಇನ್ನೆಂಟು ಹೆಂಗಸರೂ ಸೇರಿ ಪೌರಾಣಿಕ ನಾಟಕ ಕಲಿಯುತ್ತಿದ್ದರು. ಗಂಡಸರ ಪಾತ್ರವೂ ಅವರದೇ. ಕುಣಿಗಲ್ ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಬಂದು ನಮ್ಮ ಟೆರೇಸಿನ ಮೇಲೆ ಹೇಳಿಕೊಡುತ್ತಿದ್ದರು. ಅಮ್ಮನದು ಗದೆ ಹಿಡಿಯುವ ರಾಜನ ಪಾತ್ರ. ಮೊಮ್ಮಕ್ಕಳನ್ನು ಎತ್ತಿಕೊಂಡು ಮಾತ್ರೆ ನುಂಗುವ ವಯಸ್ಸಿನಲ್ಲಿ ನಮ್ಮಮ್ಮ ಒಗ್ಗರಣೆ ಸೌಟು ಹಿಡಿದು ಮೂರು ಲೋಕಕ್ಕೆ ಸವಾಲು ಹಾಕುತ್ತಿದ್ದಳು. ಅವಳ ಮಾತುಗಳೆಲ್ಲ ನನಗೂ ಬಾಯಿಪಾಠವಾಗಿದ್ದವು. ನಮ್ಮ ಮನೆಯ ಕುಕ್ಕರಿಗೂ ಆಗಿದ್ದವೆಂದು ಕಾಣುತ್ತದೆ, ಸರಿಯಾಗಿ ಪದ್ಯದ ಕೊನೆಗೆ ಸೀಟಿ ಹಾಕುತ್ತಿತ್ತು.

ನಾಟಕ ಯಾವ ಜಾಗದಲ್ಲಿ ಎಂದು ನಾನು ಕೇಳಿರಲಿಲ್ಲ. ಇನ್ವಿಟೇಷನ್ನು ಒಂದು ತಿಂಗಳಿಂದ ಫ್ರಿಜ್ಜಿಗೆ ಅಂಟಿಕೊಂಡಿತ್ತು. ದಿನಕ್ಕೆ ಹತ್ತು ಸಲ ಫ್ರಿಜ್ಜು ತೆಗೆಯುವವನು ನಾನೇ. ಕಾರ್ಡನ್ನು ಫ್ರಿಜ್ಜಿನ ಡಿಸೈನು ಅಂದುಕೊಂಡಿದ್ದೆ.

ರಿಪೋರ್ಟು ಹೋದ ವಾರಕ್ಕೆ, ನಾಟಕಕ್ಕೆ ಇನ್ನು ಹದಿಮೂರು ದಿನವಿದ್ದಾಗ, ಅಮ್ಮ ಮತ್ತು ಎದುರುಮನೆಯ ಅಂಗನವಾಡಿ ಟೀಚರು ಸ್ಟೇಜು ನೋಡಿಕೊಂಡು ಬರಲು ಹೋಗಿದ್ದವರು ಅರ್ಧ ಗಂಟೆಯಲ್ಲಿ ವಾಪಸ್ ಬಂದರು. ನಾಟಕದಲ್ಲಿ ಅಮ್ಮನ ಎದುರು ಯುದ್ಧಕ್ಕೆ ನಿಲ್ಲುವ ವೀರನ ಪಾತ್ರ ಆ ಟೀಚರದು. ಇಬ್ಬರ ಮುಖವೂ ಬಾಡಿತ್ತು. ಟೀಚರ್ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಥಿಯೇಟರಿನ ಬಾಗಿಲಿಗೆ ಬೀಗ, ಬೀಗದ ಮೇಲೆ ನೋಟೀಸು: ಸಾರ್ವಜನಿಕ ಉಪಯೋಗವನ್ನು ತಕ್ಷಣ ನಿಲ್ಲಿಸತಕ್ಕದ್ದು.

ಆ 'ತಕ್ಕದ್ದು' ನನ್ನ ಕಡೆಗೇ ನೋಡಿತು.

"ಯಾವನೋ ಇಂಜಿನಿಯರ್ ಬರ್ಕೊಟ್ಟವ್ನಂತೆ ಕಣೋ," ಎಂದರು ಟೀಚರ್. "ಸ್ಟೇಜು ಕುಸೀತಾ ಐತಂತೆ. ಅವನ ಬುದ್ಧಿ ಕುಸ್ದೋಗಿರ್ಬೇಕು! ಮೊನ್ನೆ ತಾನೇ ಇಪ್ಪತ್ ಜನ ಗಂಡಸ್ರು ಅದ್ರ ಮೇಲ್ ಕುಣ್ದವ್ರೆ. ಅವರಪ್ಪ ಅವ್ನನ್ನ ಸ್ಕೂಲಿಗ್ ಕಳ್ಸೋ ಬದ್ಲು ಎಮ್ಮೆ ಕಾಯಕ್ ಕಳ್ಸಿದ್ರೆ ಊರ್ ಉದ್ಧಾರ ಆಗೋದು."

"ಎಮ್ಮೆನೂ ಕಳ್ಕೊಂಡ್ ಬರ್ತಿದ್ದ," ಎಂದಳು ಅಮ್ಮ.

ನಾನು ಕಾಫಿ ಕೊಡುತ್ತಿದ್ದೆ. "ಸಕ್ರೆ ಸಾಕಾ ಟೀಚರ್?" ಎಂದೆ.

"ನೀನೂ ಇಂಜಿನಿಯರ್ರೇ ಅಲ್ವೇನೋ? ನಿಂಗ್ ಗೊತ್ತಾಗಲ್ವಾ ಯಾವ ಮುಠ್ಠಾಳ ಬರ್ದಿದ್ದು ಅಂತ?"

"ವಿಚಾರಿಸ್ತೀನಿ," ಎಂದೆ. ಅಷ್ಟೊತ್ತಿಗೆ ಕಾಫಿ ಲೋಟದಿಂದ ಅರ್ಧ ತಟ್ಟೆಗೆ ಬಂದಿತ್ತು. ಟೀಚರ್ ಅದನ್ನು ನೋಡಲಿಲ್ಲ, ಅಮ್ಮ ನೋಡಿದಳು. ಇಪ್ಪತ್ನಾಲ್ಕು ವರ್ಷ ನನ್ನನ್ನು ಸಾಕಿದವಳು.

ಟೀಚರ್ ಹೋದ ಮೇಲೆ ಅಮ್ಮ ಮಿಷನ್ ಮುಂದೆ ಕೂತಳು, ಹೊಲಿಯಲಿಲ್ಲ. "ನೀನೇ ತಾನೆ?" ಎಂದಳು.

"ನಾನೇ."

ಬೈದರೆ ಒಳ್ಳೆಯದಿತ್ತು, ಬೈಯಲಿಲ್ಲ. "ಬೇರೆ ಹಾಲ್ ಎಲ್ಲಾ ಮದ್ವೆಗ್ ಬುಕ್ ಆಗವೆ," ಎಂದಳು. "ಮುಂದಿನ ತಿಂಗ್ಳು ಟೀಚರಿಗೆ ಪಾವಗಡಕ್ ಟ್ರಾನ್ಸ್‌ಫರ್ರು. ಕೊನೇ ಮನೆಯೋಳ್ ಸೊಸೆ ಬಾಣಂತನ. ಈ ಸಲ ತಪ್ಪುದ್ರೆ ಈ ಒಂಬತ್ ಜನ ಇನ್ ಯಾವತ್ತೂ ಒಟ್ಟಿಗ್ ಸೇರಲ್ಲ ಕಣೋ. ನಾನಂತೂ ಇನ್ನೊಂದ್ಸಲ ಗದೆ ಎತ್ತಲ್ಲ."

"ನಾಳೇನೇ ಎಲ್ಲಾ ಸರಿಯೈತೆ ಅಂತ ಬೇರೆ ರಿಪೋರ್ಟ್ ಕೊಟ್ಬಿಡ್ತೀನಿ ಬಿಡಮ್ಮ."

"ನನಗೋಸ್ಕರ ಸುಳ್ ಬರೀಬೇಡ. ಆವತ್ತೂ ನೋಡ್ದಲೇ ಬರ್ದೆ, ಈಗ್ಲೂ ನೋಡ್ದಲೇ ಬರೀತೀಯಾ? ಹೋಗಿ ಸರಿಯಾಗ್ ನೋಡ್ಕೊಂಡ್ ಬಾ. ನಿಜ ಏನೈತೋ ಅದನ್ನೇ ಬರಿ."

ಮಾರನೇ ದಿನ ಥಿಯೇಟರಿಗೆ ಹೋದಾಗ ಮೇಷ್ಟ್ರೂ ಅಲ್ಲಿದ್ದರು. ಅಮ್ಮ ಫೋನ್ ಮಾಡಿ ಕುಣಿಗಲ್ಲಿನಿಂದ ಕರೆಸಿದ್ದಳು. ನನ್ನ ಮೇಲೆ ಕಣ್ಣಿಡಲೆಂದೇ ಇರಬೇಕು. ವಾಚ್‌ಮನ್ ತಾತ ಕಚೇರಿಯಿಂದ ಕೀ ತಂದು ಬೀಗ ತೆಗೆದರು.

"ಬಂದ್ರಾ ಇಂಜಿನಿಯರ್ ಸಾಮಿ? ಎಲ್ಲಿ ಸೋರ್ತೈತೆ ತೋರ್ಸಿ, ನಾವೂ ನೋಡನ."

ಮೂಲೆಗೆ ಕರೆದುಕೊಂಡು ಹೋದೆ. ನೆಲ ಒಣಗಿ ಬೆಣಚುಕಲ್ಲಾಗಿತ್ತು! ಮಿಷನ್ನು ಹಿಡಿದರೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ತಾತ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ತಾತನ ಮುಖ ನೋಡಿದರು. ಇಬ್ಬರೂ ನಗಲು ಶುರುಮಾಡಿದವರು ಕೂತುಕೊಳ್ಳುವವರೆಗೂ ನಕ್ಕರು.

"ಅದು ಕಾಯಿ ಒಡೆಯೋ ಕಲ್ಲು ಕಣೋ ಮರಿ," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತಾ. "ಬಣ್ಣ ಹಚ್ಕೊಳ್ಳಕ್ ಮುಂಚೆ ಪಾತ್ರಕ್ಕೊಂದ್ ಕಾಯಿ. ರಾಜ ಒಂದ್ ಒಡೀಬೇಕು, ಮಂತ್ರಿ ಒಂದ್ ಒಡೀಬೇಕು, ಬಾಗ್ಲು ಕಾಯೋನೂ ಒಂದ್ ಒಡೀಬೇಕು. ನೀರು ನೆಲಕ್ಕೇ ಬುಡ್ಬೇಕು, ಹಿಡೀಬಾರ್ದು. ಭಾನ್ವಾರ ಇಪ್ಪತ್ ಕಾಯಿ ಒಡುದ್ರೆ ಸೋಮ್ವಾರ ಒದ್ದೆ ಇರ್ದೆ ಇನ್ನೇನ್ ಇರ್ತದೆ?"

ನನ್ನ ತಾತನದು ಗುಬ್ಬಿ ಪಕ್ಕ ತೆಂಗಿನ ತೋಟ. ಬೇಸಿಗೆ ರಜೆಯೆಲ್ಲ ಕಾಯಿ ಸುಲಿಯುವ ಕಣದಲ್ಲೇ ಬೆಳೆದವನು. ಕಲ್ಪತರು ನಾಡಿನಲ್ಲಿ ಹುಟ್ಟಿ, ಕಾಯಿನೀರಿನ ವಾಸನೆಯನ್ನು ಚರಂಡಿ ಎಂದು ಸರ್ಕಾರಕ್ಕೆ ಬರೆದುಕೊಟ್ಟವನು ನಾನೊಬ್ಬನೇ ಇರಬೇಕು. ತೋಟಕ್ಕೆ ಗೊತ್ತಾದರೆ ಮರಗಳು ನನ್ನ ತಲೆ ನೋಡಿಯೇ ಗರಿ ಉದುರಿಸುತ್ತವೆ.

"ಸ್ಟೇಜ್ ಇಳಿಜಾರು?" ಎಂದೆ, ಉಳಿದ ಮಾನ ಉಳಿಸಿಕೊಳ್ಳಲು.

"ಇಳಿಜಾರಾಗೇ ಕಟ್ಟಿರೋದು," ಎಂದರು ಮೇಷ್ಟ್ರು. "ಹಿಂದ್ ನಿಂತಿರೋ ಸಖಿ ಪಾದಾನೂ ಕಾಣ್ಬೇಕಲ್ಲಪ್ಪ ಕೆಳಗ್ ಕೂತೋರ್ಗೆ."

ಈ ಸಲ ಬರೇ ಮಾತು ನಂಬಲಿಲ್ಲ. ಟಾರ್ಚು ಕಚ್ಚಿಕೊಂಡು ಸ್ಟೇಜಿನ ಕೆಳಗೆ ನುಗ್ಗಿದೆ. ಹಿಂದಿನ ಸಾಲಿನ ಕಂಬಗಳು ಉದ್ದ, ಮುಂದಿನವು ಗಿಡ್ಡ, ಮಧ್ಯದವು ಮಧ್ಯಮ. ತಲೆಯನ್ನು ಇಳಿಜಾರಿಗೆ ಸರಿಯಾಗಿ ಓರೆ ಕೊಯ್ದು ಕೂರಿಸಿದ್ದಾರೆ. ಕುಸಿದಿದ್ದರೆ ಕಂಬದ ಬುಡದ ಕಲ್ಲು ಸೀಳಬೇಕಿತ್ತು, ಮರದ ಜಾಯಿಂಟುಗಳು ಬಾಯಿ ಬಿಡಬೇಕಿತ್ತು. ಒಂದು ಕೂದಲಷ್ಟೂ ಅಲುಗಿರಲಿಲ್ಲ. ಯಾರೋ ಬಡಗಿ ಅಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ನಾನು ರೋಗ ಎಂದು ಬರೆದಿದ್ದೆ. ಹೊರಗೆ ಬರುವಾಗ ಬೆಲ್ಟು ಮೊಳೆಗೆ ಸಿಕ್ಕಿಕೊಂಡು ಅಲ್ಲೇ ಉಳಿದೆ. ತಾತ ಒಂದು ಕಾಲು, ಮೇಷ್ಟ್ರು ಇನ್ನೊಂದು ಕಾಲು ಹಿಡಿದು, ಕರು ಹಾಕಿಸಿದ ಹಾಗೆ ಎಳೆದು ಹಾಕಿದರು.

ಅಲ್ಲಿಗೆ ಮುಗಿಸಿ ಮನೆಗೆ ಹೋಗಬಹುದಿತ್ತು. ಆದರೆ ಅಮ್ಮ 'ಸರಿಯಾಗಿ' ಎಂದಿದ್ದಳು. ಬಾವಲಿಗೆ ಕ್ಷಮೆ ಕೇಳಿ ಗ್ಯಾಲರಿ ಹತ್ತಿದೆ.

ಮೇಲೆ ಮರದ ಬೆಂಚುಗಳು, ಮುಂದೆ ಸಾಹುಕಾರರ ಜಾಲರಿ. ಜಾಲರಿಯ ಸಣ್ಣ ಕಿಂಡಿಗಳು ಕೈಬೆರಳು ಹಿಡಿದು ಹಿಡಿದು ನುಣ್ಣಗಾಗಿದ್ದವು, ಅದೂ ಕೂತವರ ಕಣ್ಣೆತ್ತರದಲ್ಲಿ ಮಾತ್ರ. ನೆಲದ ಹಲಗೆ ಚೆನ್ನಾಗಿಯೇ ಕಂಡಿತು. ಹಲಗೆಯ ಕೆಳಗಿನ ತೊಲೆಗಳು ಗೋಡೆಯೊಳಗೆ ಹೋಗುವ ಜಾಗದಲ್ಲಿ ಟಾರ್ಚು ಬಿಟ್ಟೆ. ಹೊರಗೆ ಮಳೆನೀರಿನ ದೋಣಿ ಒಡೆದಿದ್ದು, ಗೋಡೆಯ ಮೇಲೆ ನೀರಿಳಿದ ಗುರುತಿತ್ತು. ತೊಲೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಗಿಣ್ಣಿನವರೆಗೂ ಒಳಗೆ ಹೋಯಿತು. ಹಳಸಿದ ಕೇಕಿನಂತಿತ್ತು. ಪಕ್ಕದ್ದೂ ಹಾಗೇ. ಅದರ ಪಕ್ಕದ್ದೂ ಹಾಗೇ.

ನಗು ಬರಲಿಲ್ಲ. ಮೆಟ್ಟಿಲ ಕಡೆಗೆ ಹಿಂದೆ ಹಿಂದಕ್ಕೆ, ಗೋಡೆ ಹಿಡಿದುಕೊಂಡು, ತೂಕ ಕಡಿಮೆ ಮಾಡಿಕೊಳ್ಳಲು ಉಸಿರು ಬಿಗಿಹಿಡಿದು ನಡೆದೆ. ಉಸಿರು ಹಿಡಿದರೆ ತೂಕ ಕಡಿಮೆಯಾಗುವುದಿಲ್ಲ ಎಂಬುದೂ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು.

ಕೆಳಗೆ ಇಬ್ಬರಿಗೂ ಹೇಳಿದೆ. ತಾತ ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದರು. "ನೀವ್ ನೋಡೇ ಇಲ್ಲ ಅಂದ್ಕೊಳಿ. ಒಂದಿನದ್ ಆಟ. ಇಷ್ಟ್ ವರ್ಷ ನಿಂತೈತೆ, ಇನ್ನೊಂದಿನ ನಿಲ್ಲಲ್ವಾ?"

ಮೇಷ್ಟ್ರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಅವರಿಗೂ ನನ್ನ ಹೆಬ್ಬೆರಳಿಗೆ ಅಂಟಿದ್ದ ಪುಡಿ ಕಾಣುತ್ತಿತ್ತು.

ಸಾಯಂಕಾಲ ಅಮ್ಮನಿಗೆ ಹೇಳಿದೆ: ಸ್ಟೇಜು ಗಟ್ಟಿ, ಹಾಲು ಗಟ್ಟಿ, ಗ್ಯಾಲರಿ ಕೊಳೆತಿದೆ. ಗ್ಯಾಲರಿಯ ವಿಷಯ ಬರೆದರೆ ಕಚೇರಿಯವರು ಬೀಗ ತೆಗೆಯದೆಯೇ ಇರಬಹುದು. ಬರೆಯದಿದ್ದರೆ ತೆಗೆಯುತ್ತಾರೆ, ನಾಟಕದ ದಿನ ಮೇಲೆ ನೂರು ಜನ ಕೂರುತ್ತಾರೆ.

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೂರು ಸಲ ತಪ್ಪಿತು. ನಾಲ್ಕನೇ ಸಲ ಪೋಣಿಸಿ, "ಬರಿ," ಎಂದಳು. ಆವತ್ತು ಮಾತು ಪ್ರಾಕ್ಟೀಸು ಮಾಡಲಿಲ್ಲ. ಕುಕ್ಕರು ಸುಮ್ಮನೆ ಸೀಟಿ ಹಾಕಿತು.

ಬಾಸು ಮದುವೆ ಮುಗಿಸಿ ಬಂದಿದ್ದರು. ಹಳೇ ರಿಪೋರ್ಟನ್ನು ಮೊದಲ ಸಲ ಓದುತ್ತಿದ್ದರು. "ಹದ್ನಾಲ್ಕನೇ ಪುಟದಲ್ಲಿ ಥಿಯೇಟರಿಗೆ ಐವತ್ ಸಾವ್ರ ಲೀಟರ್ ಹಿಡಿಯುತ್ತೆ ಅಂತ ಬರ್ದಿದೀಯಲ್ಲೋ!"

"ಅದು ಟ್ಯಾಂಕಿನ ಪುಟ ಸಾರ್."

"ಕ್ಲೋರಿನ್ ಹಾಕ್ಬೇಕು ಅಂತಾನೂ ಇದೆ. ಯಾರಿಗ್ ಹಾಕ್ಬೇಕು? ಪ್ರೇಕ್ಷಕರಿಗಾ?"

"ನೀವ್ ಸೈನ್ ಮಾಡಿದೀರಿ ಸಾರ್."

ಬಾಸು ನನ್ನನ್ನು ಕೆಲಸದಿಂದ ತೆಗೆಯದೇ ಇದ್ದದ್ದು ಆ ಒಂದು ವಾಕ್ಯದಿಂದ. ಇಬ್ಬರೂ ಕೂತು ಹೊಸ ರಿಪೋರ್ಟು ಬರೆದೆವು. ಆರು ಪುಟ, ಎಲ್ಲವೂ ಈ ಕಟ್ಟಡದ್ದೇ. 'ಹಿನ್ನೆಲೆ'ಯಲ್ಲಿ ಕೊಬ್ಬರಿ, ಡೇರೆ, ಜಾಲರಿ, ಸಿನಿಮಾ ಎಲ್ಲ ಬಂತು. ಹಳೆಯದನ್ನು ತಪ್ಪೆಂದು ಒಪ್ಪಿಕೊಂಡ ಪ್ಯಾರಾ ಬಾಸು ಹೇಳಿದರು, ನಾನು ಟೈಪ್ ಮಾಡಿದೆ. ತುಂಬಾ ಚೆನ್ನಾಗಿ ಹೇಳಿದರು, ತಪ್ಪು ಪೂರ್ತಿ ನನ್ನದೇ ಎಂದು ಎರಡು ಕಡೆ ಬರುವ ಹಾಗೆ.

ಕಚೇರಿಯಲ್ಲಿ ಸಾಹೇಬರು ಓದಿ ಕನ್ನಡಕ ತೆಗೆದರು. "ಒಂದೋ ಬೀಗ ಹಾಕ್ಬೇಕು, ಇಲ್ಲಾ ತೆಗೀಬೇಕು ಕಣ್ರೀ. ಅರ್ಧ ಬೀಗ ಅಂತ ರೂಲ್ಸಲ್ಲಿ ಎಲ್ಲೈತೆ? ಕೆಳಗೆ ಜಾಗ ಸಾಲ್ದೆ ಜನ ಮೇಲ್ ನುಗ್ಗುದ್ರೆ ಯಾರ್ ಹೊಣೆ?"

ಆಗ ನಾನು ಬಾಯಿ ಹಾಕಿದೆ. ಸಿನಿಮಾದವರು ಮೊಳೆ ಹೊಡೆದ ಸೈಡ್ ಬಾಗಿಲುಗಳಿವೆ, ಎರಡೂ ಕಡೆ ಸೇರಿ ಹನ್ನೆರಡು. ಅವುಗಳ ಆಚೆ ಉದ್ದಕ್ಕೂ ಜಗಲಿ. ನಾಟಕದ ಕಾಲದಲ್ಲಿ ಜನ ಜಗಲಿಯಲ್ಲಿ ನಿಂತು ನೋಡುತ್ತಿದ್ದರಂತೆ. ಬಾಗಿಲು ತೆಗೆಸಿದರೆ ಗ್ಯಾಲರಿಯ ಜನ ಅಲ್ಲಿ ಹಿಡಿಸುತ್ತಾರೆ, ಗ್ಯಾಲರಿಯ ಕೆಳಗೂ ಯಾರನ್ನೂ ಕೂರಿಸಬೇಕಿಲ್ಲ. ಬೆಳಿಗ್ಗೆ ಆಟವಾದ್ದರಿಂದ ಬೆಳಕು ಬಂದರೂ ತೊಂದರೆಯಿಲ್ಲ, ಏನಾದರೂ ಆದರೆ ಹೊರಗೆ ಹೋಗಲೂ ದಾರಿ.

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. "ಸರಿ, ಆವತ್ತು ಗ್ಯಾಲರಿ ಮೆಟ್ಲಲ್ಲಿ ನಿಮ್ ಕಡೆಯೋರೊಬ್ರು ನಿಲ್ಬೇಕು. ಶುರುವಿಂದ ಕೊನೇವರ್ಗೂ. ಒಬ್ರೂ ಮೇಲ್ ಹೋಗ್ಬಾರ್ದು. ಬರ್ಕೊಡಿ. ಯಾರ್ ನಿಲ್ತಾರೆ?"

ಬಾಸು ಯಾರ ಕಡೆ ನೋಡಿದರೆಂದು ಹೇಳಬೇಕಾಗಿಲ್ಲ. ಪ್ರಿಂಟರು ಅಲ್ಲಿರಲಿಲ್ಲ.

ಬಾಗಿಲು ತೆಗೆಯುವುದು ಮೂರು ದಿನದ ಕೆಲಸವಾಯಿತು. ಹನ್ನೊಂದು ಬಾಗಿಲು ಮರ್ಯಾದೆಯಾಗಿ ತೆಗೆದುಕೊಂಡವು. ಹನ್ನೆರಡನೆಯದು ಕೀಲು ಸಮೇತ ನನ್ನ ಕಾಲಿನ ಮೇಲೆ ಬಿತ್ತು. ಆದರೂ ಎಲ್ಲ ತೆಗೆದ ಮೇಲೆ ಹಾಲಿನೊಳಗೆ ಬೆಳಕು ಪಟ್ಟೆಪಟ್ಟೆಯಾಗಿ ಬಿದ್ದು, ಈ ಕಡೆಯಿಂದ ಆ ಕಡೆಗೆ ಗಾಳಿ ಹಾಯಿತು. ತಾತ ಕುರ್ಚಿಯನ್ನು ಒಳಗೆ ತಂದು ಹಾಕಿಕೊಂಡು, "ಫ್ಯಾನ್ ಬ್ಯಾಡ ಬುಡು," ಎಂದರು.

ಭಾನುವಾರ ಬಂತು. ಹತ್ತು ಗಂಟೆಗೆ ಆಟ, ಒಂಬತ್ತಕ್ಕೇ ಜನ. ಗುಬ್ಬಿಯಿಂದ ಒಂದು ವ್ಯಾನು, ಕ್ಯಾತ್ಸಂದ್ರದಿಂದ ಆಟೋಗಳು, ಬಿದರೆಹಳ್ಳಿ ಕಾವಲ್ ಕಡೆಯಿಂದ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನಮ್ಮ ನೆಂಟರು. ಅಂಗನವಾಡಿ ಮಕ್ಕಳಂತೂ ತಮ್ಮ ಟೀಚರಿಗೆ ಮೀಸೆ ಬರುವುದನ್ನು ನೋಡಲು ಅಪ್ಪ ಅಮ್ಮಂದಿರನ್ನು ಎಳೆದುಕೊಂಡು ಬಂದಿದ್ದವು. ನಾನು ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಊದಿದ ಕಾಲನ್ನು ಒಂದು ಸ್ಟೂಲಿನ ಮೇಲಿಟ್ಟು ನಿಂತೆ. ಅಲ್ಲಿಂದ ಸ್ಟೇಜು ಕಾಣುವುದಿಲ್ಲ, ಮಧ್ಯೆ ಒಂದು ಗೋಡೆ. ಮಾತು ಮಾತ್ರ ಕೇಳುತ್ತದೆ.

ಹಾರ್ಮೋನಿಯಂ ಶುರುವಾದಾಗ ಗುಬ್ಬಿಯ ಅತ್ತೆ, ಅಪ್ಪನ ಅಕ್ಕ, ಹಗ್ಗದ ಹತ್ತಿರ ಬಂದಳು.

"ತೆಗ್ಯೋ ಇದ್ನ. ಮೇಲ್ ಕೂತ್ಕೊಂತೀನಿ."

"ಆಗಲ್ಲ ಅತ್ತೆ. ಕೊಳ್ತೋಗೈತೆ."

"ನಾನ್ ಮದ್ವೆ ಆದ್ ಹೊಸ್ದ್ರಲ್ಲಿ ಮೇಲೇ ಕೂತು ನೋಡ್ತಿದ್ದೆ. ಆಗಿಂದ್ಲೂ ಕಿರ್ ಅಂತೈತೆ ಅದು."

"ಈಗ ಕಿರ್ ಅನ್ನಲ್ಲ ಅತ್ತೆ, ಸೀದಾ ಬೀಳುತ್ತೆ."

"ನಾನೇನ್ ಅಷ್ಟ್ ತೂಕಾನಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಇಂಜಿನಿಯರುಗಳ ಯಾವ ಕೋಡ್ ಬುಕ್ಕಿನಲ್ಲೂ ಇಲ್ಲ. "ಜಗ್ಲಿಗ್ ಹೋಗತ್ತೆ, ಅಲ್ಲಿಂದ ಮೀಸೆ ಕೂದ್ಲೂ ಎಣಿಸ್ಬೋದು," ಎಂದೆ. "ಸಾಕಿದ್ ಅತ್ತೇನ ಬೀದೀಲ್ ನಿಲ್ಲಿಸ್ದ ನನ್ ಮಗ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಜಗಲಿಗೆ ಹೋದಳು. ಅವಳ ನಂತರ ಸುಮಾರು ಜನ ಬಂದರು. ಒಬ್ಬೊಬ್ಬರ ಒಂದೊಂದು ಬೈಗುಳಕ್ಕೆ ಪಾತ್ರನಾದೆ.

ನಂತರ ಅಮ್ಮನ ಪ್ರವೇಶ. ಚಪ್ಪಾಳೆ, ಶಿಳ್ಳೆ. ಅಮ್ಮನ ದನಿ ಗೋಡೆ ದಾಟಿ ಬಂತು. ಮನೆಯಲ್ಲಿ ಕೇಳಿದ ದನಿಯಲ್ಲ, ಇನ್ನೂ ಎರಡು ಪಟ್ಟು ಅಗಲ. ಮೊದಲನೇ ದೃಶ್ಯ ದಾಟಿತು, ಎರಡನೆಯದೂ ದಾಟಿತು. ನಾನು ಮೆಟ್ಟಿಲ ಬುಡದಲ್ಲಿ ನಿಂತು ಮಾತಿನ ಜೊತೆಗೇ ತುಟಿ ಆಡಿಸುತ್ತಿದ್ದೆ. ಟೀಚರ್ ಎದುರು ನಿಲ್ಲುವ ಯುದ್ಧದ ದೃಶ್ಯದಲ್ಲಿ, ಅಮ್ಮ ಸವಾಲು ಹಾಕಬೇಕಾದ ಜಾಗದಲ್ಲಿ, ಹಾರ್ಮೋನಿಯಂ ಎತ್ತಿಕೊಟ್ಟಿತು. ಅಮ್ಮನ ದನಿ ಬರಲಿಲ್ಲ.

ಹಾರ್ಮೋನಿಯಂ ಇನ್ನೊಮ್ಮೆ ಎತ್ತಿಕೊಟ್ಟಿತು. ಬರಲಿಲ್ಲ.

ನನಗೆ ಮಾತು ಗೊತ್ತಿತ್ತು. ಗೋಡೆಯ ಈ ಕಡೆಯಿಂದ ಕೂಗಿದರೆ ಕೇಳಿಸುತ್ತಿತ್ತೋ ಏನೋ. ಒಳಗೆ ಓಡಿಹೋಗಿ ಹೇಳಬಹುದಿತ್ತು, ಇಪ್ಪತ್ತು ಹೆಜ್ಜೆ. ಆದರೆ ಹಗ್ಗದ ಆಚೆ ಐದಾರು ಹುಡುಗರು, ನಾನು ಯಾವಾಗ ಮುಖ ತಿರುಗಿಸುತ್ತೇನೋ ಎಂದು ಕಾಯುತ್ತಾ ನಿಂತಿದ್ದರು. ಕೈಯಲ್ಲಿ ಹಗ್ಗ ಬಿಗಿಹಿಡಿದೆ. ಮೇಷ್ಟ್ರು ಒಂದೇ ಸ್ವರವನ್ನು ಎಳೆಯುತ್ತಲೇ ಇದ್ದರು. ಹಾಲಿನಲ್ಲಿ ಯಾರೋ ಕೆಮ್ಮಿದರು. ಎಂಟು ತಿಂಗಳು, ಒಂಬತ್ತು ಹೆಂಗಸರು, ಎಲ್ಲವೂ ಆ ಒಂದು ಸ್ವರದ ಮೇಲೆ ನೇತಾಡುತ್ತಿತ್ತು.

ಆಮೇಲೆ ಅಮ್ಮನ ದನಿ ಬಂತು. ಪುಸ್ತಕದ ಮಾತಲ್ಲ.

"ಏನ್ಲಾ, ಬಾಯ್ ಬಿಟ್ಕೊಂಡ್ ನೋಡ್ತಾ ನಿಂತಿದೀಯ? ಯುದ್ಧಕ್ ಬಂದಿದೀಯೋ ಬ್ಲೌಸ್ ಅಳ್ತೆ ಕೊಡಕ್ ಬಂದಿದೀಯೋ? ಬಾರ್ಲಾ ಮುಂದಕ್ಕೆ!"

ನಂತರ ಹಾಲು, ಎರಡೂ ಜಗಲಿ, ಹೊರಗಿನ ಜ್ಯೂಸ್ ಗಾಡಿಯವನೂ ಸೇರಿ ಒಟ್ಟಿಗೆ ನಕ್ಕದ್ದು ಕೇಳಿತು. ಹಂಚಿನಿಂದ ಧೂಳು ಉದುರಿತು. ಆ ನಗುವಿನ ಮಧ್ಯೆ ಟೀಚರ್, "ಬಂದೆ ತಡ್ಕೊಳ್ಲಾ, ಅಳ್ತೆ ನಾನ್ ತಗೊಂತೀನಿ!" ಎಂದು ತಿರುಗಿ ಹೊಡೆದರು. ಇನ್ನೊಂದು ಸಲ ನಗು. ಅದು ಇಳಿಯುವಷ್ಟರಲ್ಲಿ ಮೇಷ್ಟ್ರು ಪದ್ಯ ಎತ್ತಿಕೊಟ್ಟರು. ಮಾತು ಅಮ್ಮನಿಗೆ ವಾಪಸ್ ಬಂದಿತ್ತು, ಅಲ್ಲಿಂದ ಕೊನೆಯವರೆಗೂ ಎಲ್ಲೂ ನಿಲ್ಲಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಮುಗಿಯಿತು. ಕೊನೆಯವರು ಹೊರಗೆ ಹೋಗುವ ತನಕ ನಾನು ಜಾಗ ಬಿಡಲಿಲ್ಲ. ಹೋಗುವಾಗ ಒಬ್ಬೊಬ್ಬರೂ ಅಮ್ಮ ಮಾತು ಮರೆತ ಆ ಜಾಗದ ಕಥೆ ಹೇಳಿದರು. ಅಮ್ಮ ಗದೆ ತೋರಿಸಿದಳೆಂದು ಒಬ್ಬರು, ಸೊಂಟದ ಮೇಲೆ ಕೈಯಿಟ್ಟಳೆಂದು ಇನ್ನೊಬ್ಬರು, ಟೀಚರಿಗೆ ಕಣ್ಣು ಹೊಡೆದಳೆಂದು ಅತ್ತೆ. ಯಾವುದು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಗ್ಗ ಬಿಚ್ಚಿ ಬಣ್ಣದ ಕೋಣೆಗೆ ಹೋದೆ. ಅಮ್ಮ ಕಿರೀಟ ತೆಗೆದಿಟ್ಟು ಟ್ರಂಕಿನ ಮೇಲೆ ಕೂತಿದ್ದಳು. ಹಣೆಯ ಬಣ್ಣ ಬೆವರಿಗೆ ಕಿವಿಯವರೆಗೂ ಇಳಿದಿತ್ತು.

"ನೋಡ್ದೇನೋ?"

"ಇಲ್ಲ."

"ಯಾರೂ ಮೇಲ್ ಹತ್ಲಿಲ್ಲ ತಾನೆ?"

"ಒಬ್ರೂ ಹತ್ಲಿಲ್ಲ."

"ಹ್ಞೂಂ," ಎಂದು ಮುಖ ಮುಂದೆ ಚಾಚಿದಳು. "ಬಾ, ಈ ಮೀಸೆ ಕೀಳು. ಗೋಂದು ಗಟ್ಟಿಯಾಗಿ ಹಿಡ್ಕೊಂಡೈತೆ. ನಿಧಾನಕ್ಕೆ ಕಣೋ, ನೋಡ್ಕೊಂಡು."

ಎರಡೂ ಕೈಯಲ್ಲಿ ಹಿಡಿದು, ನೋಡಿಕೊಂಡು, ನಿಧಾನಕ್ಕೆ ಕಿತ್ತೆ.